ವೃಕ, ವಿಲ್ಕಸ್, ವುಕ್: ಹಳ್ಳಿಯ ಬಾಯಲ್ಲಿ ಉಳಿದ ಎರಡು ಭಾಷೆಗಳ ಕಥೆ

ಭೀಮಸೇನನಿಗೆ ವೃಕೋದರ ಅಂತ ಇನ್ನೊಂದು ಹೆಸರಿದೆ. ಬಯಲಾಟ, ಯಕ್ಷಗಾನ ನೋಡಿದವರಿಗೆ, ಗಮಕ ಕೇಳಿದವರಿಗೆ ಇದು ಹೊಸದಲ್ಲ. ಉದರ ಅಂದರೆ ಹೊಟ್ಟೆ, ವೃಕ ಅಂದರೆ ತೋಳ. ಎಷ್ಟು ತಿಂದರೂ ತುಂಬದ ತೋಳದ ಹೊಟ್ಟೆಯವನು ಅಂತ ಅರ್ಥ.

ಈ ವೃಕನ ಬಾಲ ಹಿಡಿದುಕೊಂಡು ಸ್ವಲ್ಪ ಯುರೋಪಿನ ಕಡೆ ಹೋಗಿ ಬರೋಣ. ಉತ್ತರದಲ್ಲಿ, ಬಾಲ್ಟಿಕ್ ಸಮುದ್ರದ ದಡದಲ್ಲಿ ಲಿಥುವೇನಿಯಾ ಅಂತ ಒಂದು ಪುಟ್ಟ ದೇಶವಿದೆ. ಅಲ್ಲಿ ತೋಳಕ್ಕೆ 'ವಿಲ್ಕಸ್' ಅನ್ನುತ್ತಾರೆ. ಅಲ್ಲಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಕ್ಷಿಣಕ್ಕೆ ಬಂದರೆ ಬಾಲ್ಕನ್ ಗುಡ್ಡಗಳ ನಡುವೆ ಸರ್ಬಿಯಾ ಸಿಗುತ್ತದೆ. ಸಮುದ್ರವೇ ಇಲ್ಲದ ದೇಶ. ಅಲ್ಲಿ ತೋಳಕ್ಕೆ 'ವುಕ್' ಅನ್ನುತ್ತಾರೆ. ವೃಕ, ವಿಲ್ಕಸ್, ವುಕ್. ಮೂರೂ ಒಂದೇ ಪದ. ಮೂರು ಊರಲ್ಲಿ ಬೆಳೆದಿದೆ ಅಷ್ಟೆ.

'ಲಿಥುವೇನಿಯಾದ ರೈತರು ಇವತ್ತಿಗೂ ಸಂಸ್ಕೃತ ಮಾತಾಡುತ್ತಾರೆ' ಎಂಬ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಒಮ್ಮೆ ಬಂದಿರಬಹುದು. ಅದು ನಿಜವಲ್ಲ. ಲಿಥುವೇನಿಯಾದ ರೈತನ ಎದುರು ಸಂಸ್ಕೃತ ಶ್ಲೋಕ ಹೇಳಿದರೆ ಆತನಿಗೆ ಒಂದೆರಡು ಪದ ಎಲ್ಲೋ ಕೇಳಿದಂತೆ ಅನಿಸೀತು, ಅರ್ಥವಂತೂ ಆಗುವುದಿಲ್ಲ. ಆದರೆ ಆ ಸಂದೇಶದ ಹಿಂದೆ ಒಂದು ನಿಜವಾದ ಸಂಗತಿ ಅಡಗಿದೆ. ಸುಳ್ಳಿಗಿಂತ ಅದೇ ಹೆಚ್ಚು ಸ್ವಾರಸ್ಯವಾಗಿದೆ ಅನಿಸಿದ್ದರಿಂದ ಈ ಬರಹ.

ಒಂದು ಹಳೇ ಮನೆತನ ಪಾಲಾಯಿತು ಅಂದುಕೊಳ್ಳಿ. ಒಬ್ಬೊಬ್ಬರು ಒಂದೊಂದು ಸೀಮೆಗೆ ಹೋದರು. ಮೂಲ ಮನೆ ಬಿದ್ದುಹೋಗಿದೆ, ಅದರ ಹೆಸರೂ ಯಾರಿಗೂ ನೆನಪಿಲ್ಲ. ಆದರೆ ಮೊಮ್ಮಕ್ಕಳ ಮೂಗು, ಕಿವಿ ನೋಡಿದರೆ ಒಂದೇ ರಕ್ತ ಅಂತ ಗೊತ್ತಾಗುತ್ತದೆ. ಸಂಸ್ಕೃತ, ಪಾರಸಿ, ಗ್ರೀಕ್, ಲ್ಯಾಟಿನ್, ಜರ್ಮನ್, ರಷ್ಯನ್ ಎಲ್ಲ ಹಾಗೆ ಪಾಲಾದ ದಾಯಾದಿಗಳು. ಇದಕ್ಕೆ ಇಂಡೋ-ಯುರೋಪಿಯನ್ ಭಾಷಾ ಕುಟುಂಬ ಅನ್ನುತ್ತಾರೆ. ಲಿಥುವೇನಿಯನ್ ಸಂಸ್ಕೃತದ ಮಗಳಲ್ಲ, ದೂರದ ಚಿಕ್ಕಪ್ಪನ ಕಡೆಯವಳು. ಸರ್ಬಿಯನ್ ಮತ್ತು ಲಿಥುವೇನಿಯನ್ ಮಾತ್ರ ಒಂದಕ್ಕೊಂದು ಹತ್ತಿರದ ಸಂಬಂಧಿಗಳು. ಸರ್ಬಿಯನ್ ಸ್ಲಾವ್ ಕವಲಿನದು. ರಷ್ಯನ್, ಪೋಲಿಷ್, ಬಲ್ಗೇರಿಯನ್ ಅದರ ಒಡಹುಟ್ಟಿದವರು. ಲಿಥುವೇನಿಯನ್ ಬಾಲ್ಟಿಕ್ ಕವಲಿನದು. ಆ ಕವಲಿನಲ್ಲಿ ಈಗ ಬದುಕಿರುವವರು ಇಬ್ಬರೇ, ಲಿಥುವೇನಿಯನ್ ಮತ್ತು ಪಕ್ಕದ ಲಾಟ್ವಿಯನ್. ಹಳೇ ಪ್ರಶ್ಯನ್ ಅನ್ನುವ ಮೂರನೆಯವಳು 18ನೇ ಶತಮಾನದ ಆರಂಭದ ಹೊತ್ತಿಗೆ ಕಣ್ಣು ಮುಚ್ಚಿದಳು. ಅವಳ ನಾಡನ್ನು ಗೆದ್ದವರ ಜರ್ಮನ್ ಭಾಷೆ ಅವಳನ್ನು ನುಂಗಿತು.

ನಮ್ಮ ಕನ್ನಡ ಈ ಮನೆತನದ್ದಲ್ಲ. ತಮಿಳು, ತೆಲುಗು, ತುಳು, ಮಲಯಾಳಂ ಜೊತೆಗಿನ ದ್ರಾವಿಡ ಮನೆ ನಮ್ಮದು. ಆದರೆ ಪಕ್ಕದ ಮನೆಯ ಸಂಸ್ಕೃತದಿಂದ ನಾವು ಎಷ್ಟೋ ಪದ ಕಡ ತಂದು ಬಳಸಿದ್ದೇವೆ. ಹಾಗಾಗಿ ಸಾವಿರಾರು ಮೈಲಿ ದೂರದ ಈ ಭಾಷೆಗಳ ಪದಗಳು ನಮ್ಮ ಕಿವಿಗೂ ಬೀಳುತ್ತವೆ.

ಬಸ್ಸಿನೊಳಗೆ 'ಧೂಮಪಾನ ನಿಷೇಧಿಸಲಾಗಿದೆ' ಅಂತ ಬರೆದಿರುತ್ತದಲ್ಲ, ಆ ಧೂಮ ಲಿಥುವೇನಿಯನ್ನಿನಲ್ಲಿ 'ದೂಮಸ್', ಸರ್ಬಿಯನ್ನಿನಲ್ಲಿ 'ದಿಮ್'. ಅಗ್ನಿಶಾಮಕ ದಳದ ಅಗ್ನಿ ಅಲ್ಲಿ 'ಉಗ್ನಿಸ್', ಇಲ್ಲಿ 'ಓಗಞ್' (ಸರ್ಬಿಯಾದವರು ದಿನದ ಮಾತಿನಲ್ಲಿ ಬೆಂಕಿಗೆ 'ವಾತ್ರಾ' ಎಂಬ ಬೇರೆ ಪದವನ್ನೇ ಹೆಚ್ಚು ಬಳಸುತ್ತಾರೆ). ಮಧು ಅಂದರೆ ಜೇನು, ಅದು 'ಮೆದುಸ್' ಮತ್ತು 'ಮೆದ್'. ಹಿಮ ಅಲ್ಲಿ ಚಳಿಗಾಲವಾಗಿದೆ, ಲಿಥುವೇನಿಯನ್ 'ಝಿಯೆಮ', ಸರ್ಬಿಯನ್ 'ಜ಼ಿಮಾ'. ಮಗನಿಗೆ 'ಸೂನುಸ್', 'ಸಿನ್'. ಪಾಂಡುಸೂನು ಅಂದಾಗ ಬರುವ ಸೂನು ಅದೇ. ದಂತವೈದ್ಯರ ದಂತ ಲಿಥುವೇನಿಯನ್ನಿನಲ್ಲಿ 'ದಂತಿಸ್' ಆಗಿ ಉಳಿದಿದೆ, ಸರ್ಬಿಯನ್ ಅದನ್ನು ಬಿಟ್ಟು 'ಜ಼ುಬ್' ಅನ್ನುತ್ತದೆ. ವಿಧವೆ ಎಂಬ ಪದದ ಕಥೆ ಇದಕ್ಕೆ ಉಲ್ಟಾ. ಸರ್ಬಿಯನ್ನಿನಲ್ಲಿ 'ಉದೋವಿತ್ಸಾ' ಆಗಿ ಉಳಿದಿದೆ, ಲಿಥುವೇನಿಯನ್ನಿನಲ್ಲಿ ಇಲ್ಲ. ಪಾಲಾದ ಮನೆಯಲ್ಲಿ ಕೊಪ್ಪರಿಗೆ ಒಬ್ಬನಿಗೆ, ನೇಗಿಲು ಇನ್ನೊಬ್ಬನಿಗೆ ಹೋದ ಹಾಗೆ.

ದೇವರ ವಿಷಯದಲ್ಲೂ ಹೀಗೇ. ಲಿಥುವೇನಿಯನ್ನರಿಗೆ ದೇವರು 'ದಿಯೆವಸ್'. ಸರ್ಬಿಯನ್ನರಿಗೆ 'ಬೋಗ್', ಇದನ್ನು ಪಂಡಿತರು ಭಗವಂತನಲ್ಲಿರುವ 'ಭಗ'ದ ಜೊತೆ ಜೋಡಿಸುತ್ತಾರೆ.

ಇನ್ನೊಂದು ಪದ ಹೇಳಿಬಿಡುತ್ತೇವೆ. ಸರ್ಬಿಯನ್ನಿನಲ್ಲಿ 'ಮೆಸೆತ್ಸ್' ಅಂದರೆ ಚಂದ್ರ, ಮೂವತ್ತು ದಿನದ ತಿಂಗಳೂ ಅದೇ. ಲಿಥುವೇನಿಯನ್ನಿನ 'ಮೇನುವೊ' ಕೂಡ ತಿಂಗಳು, ಹಾಡುಗಳಲ್ಲಿ ಚಂದ್ರ. ಸಂಸ್ಕೃತದ ಮಾಸ ಇವುಗಳ ಬಳಗ. ಕನ್ನಡಕ್ಕೆ ಈ ಪದದ ರಕ್ತಸಂಬಂಧ ಇಲ್ಲ, ಆದರೂ ನಮ್ಮ 'ತಿಂಗಳು' ಮಾಡುವ ಕೆಲಸ ಅದೇ. ತಿಂಗಳ ಬೆಳಕು ಅಂದರೆ ಚಂದ್ರನ ಬೆಳಕು, ತಿಂಗಳ ಸಂಬಳ ಅಂದರೆ ಬೇರೆ. ಗಡಿಯಾರ ಇಲ್ಲದ ಕಾಲದಲ್ಲಿ ಎಲ್ಲರೂ ಆಕಾಶ ನೋಡಿಯೇ ಲೆಕ್ಕ ಹಾಕಿದ್ದು.

ಬರೀ ಪದ ಹೋಲುತ್ತದೆ ಅಂದರೆ ಸಾಲದು, ಅದು ಕಾಕತಾಳೀಯವೂ ಇರಬಹುದು. ಭಾಷಾ ವಿದ್ವಾಂಸರು ನೋಡುವುದು ಹೋಲಿಕೆಯನ್ನಲ್ಲ, ನಿಯಮವನ್ನು. ತೋಳ: ವಿಲ್ಕಸ್, ವುಕ್. ತುಂಬಿದ್ದು, ಅಂದರೆ ಪೂರ್ಣ: ಪಿಲ್ನಸ್, ಪುನ್. ಉಣ್ಣೆ: ವಿಲ್ನ, ವುನಾ. ಲಿಥುವೇನಿಯನ್ನಿನಲ್ಲಿ 'ಇಲ್' ಇರುವ ಕಡೆ ಸರ್ಬಿಯನ್ನಿನಲ್ಲಿ 'ಉ' ಬರುತ್ತಿದೆ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಇನ್ನೊಂದು ಗುಂಪು ನೋಡಿ. ತಲೆ: ಗಲ್ವ, ಗ್ಲಾವಾ. ಆಕಳು: ಕರ್ವೆ, ಕ್ರಾವಾ. ಕಾಗೆ: ವರ್ನ, ವ್ರಾನಾ. ಸ್ವರ ಮುಂದಿದ್ದದ್ದು ಹಿಂದಕ್ಕೆ ಹೋಗಿದೆ, ಅದೂ ಸಾಲಾಗಿ.

ಇದು ನಮಗೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಹಳಗನ್ನಡದ ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ತಮಿಳರು ಇವತ್ತಿಗೂ ಪಾಲ್, ಪುಲಿ, ಪೂ ಅನ್ನುತ್ತಾರೆ. ನಮ್ಮ 'ಹ' ಇರುವ ಕಡೆ ಅವರ 'ಪ' ಇದೆ ಅಂದರೆ ಸಾಕು, ಸಂಬಂಧ ಸಾಬೀತು.

ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ ಅಂತ ವಿಭಕ್ತಿ ಬಾಯಿಪಾಠ ಮಾಡಿದ್ದು ನೆನಪಿದೆಯೇ? ಈ ಎರಡೂ ಭಾಷೆಗಳಲ್ಲಿ ಕರೆಯುವ ರೂಪವೂ ಸೇರಿ ಏಳೇಳು ವಿಭಕ್ತಿಗಳಿವೆ, ಅವೇ ಏಳು. ತಮ್ಮ ಅನ್ನುವುದನ್ನು ಕೂಗುವಾಗ ತಮ್ಮಾ ಅನ್ನುವಂತೆ ಲಿಥುವೇನಿಯನ್ ತೋಳವನ್ನು ಕೂಗುವಾಗ 'ವಿಲ್ಕೆ', ಸರ್ಬಿಯನ್ ತೋಳವನ್ನು ಕೂಗುವಾಗ 'ವುಚೆ'. ಕಾಡಿನಲ್ಲಿ ತೋಳವನ್ನು ಯಾರು ಕೂಗುತ್ತಾರೆ ಅಂತ ಕೇಳಬೇಡಿ. ವುಕ್ ಅನ್ನುವುದು ಸರ್ಬಿಯಾದಲ್ಲಿ ಮನುಷ್ಯರ ಹೆಸರೂ ಹೌದು. ಆ ಹೆಸರಿನ ಒಬ್ಬನ ಕಥೆ ಮುಂದೆ ಬರುತ್ತದೆ.

ವ್ಯತ್ಯಾಸವೂ ಕಡಿಮೆ ಇಲ್ಲ. ಲಿಥುವೇನಿಯನ್ ಹಳೆಯ ಕಾಲದ ಸಾಮಾನು ಎಸೆಯದ ಅಜ್ಜಿ. ಸಂಸ್ಕೃತದ ವೃಕಸ್, ದೇವಸ್ ಎಂಬ ಕೊನೆಯ 'ಸ್' ಅಲ್ಲಿ ಇನ್ನೂ ಹಾಗೇ ಇದೆ. ಹೊರಗಿನ ಹೆಸರು ಬಂದರೂ ಬಾಲ ಹಚ್ಚದೆ ಬಿಡುವುದಿಲ್ಲ. ಶೇಕ್ಸ್‌ಪಿಯರ್ ಅವರಲ್ಲಿ 'ಶೆಕ್ಸ್‌ಪೀರಸ್'. ನಾವು ಬಸ್ ಅನ್ನು ಬಸ್ಸು, ಕಾರ್ ಅನ್ನು ಕಾರು ಮಾಡಿಕೊಂಡ ಹಾಗೆ. ಸರ್ಬಿಯನ್ ಆ ಬಾಲವನ್ನು ಎಂದೋ ಉದುರಿಸಿತು. ಅದು ಸಂತೆಗೆ ಹೋಗಿ ಬಂದ ಭಾಷೆ. ಸರ್ಬಿಯಾ ಶತಮಾನಗಳ ಕಾಲ ತುರ್ಕಿಯ ಆಟೊಮನ್ ಸುಲ್ತಾನರ ಕೈಕೆಳಗಿತ್ತು. ಅದರಿಂದ ಅರಬಿ, ಪಾರಸಿ, ತುರ್ಕಿ ಪದಗಳು ಸಾವಿರಗಟ್ಟಲೆ ಒಳಬಂದವು. ನಮ್ಮಲ್ಲಿಗೆ ಸುಲ್ತಾನರು, ನವಾಬರ ದಫ್ತರಗಳ ಮೂಲಕ ಬಂದ ಕೆಲವು ಪದಗಳು ಅವರಲ್ಲಿಗೆ ಇಸ್ತಾಂಬುಲ್ ಮೂಲಕ ಹೋದವು. ಸರ್ಬಿಯನ್ 'ಜೆಪ್' ಅಂದರೆ ನಮ್ಮ ಜೇಬು. 'ಸಾಪುನ್' ಅಂದರೆ ಸಾಬೂನು. 'ದುಚಾನ್' ಅಂದರೆ ಉತ್ತರ ಕರ್ನಾಟಕದ ದುಕಾನು. 'ಬಕ್ಶಿಶ್' ಅಂದರೆ ಭಕ್ಷೀಸು. ಹೋಟೆಲಿನಲ್ಲಿ ಮಾಣಿಗೆ ಕೊಡುವುದೇ. ಬೆಲ್‌ಗ್ರೇಡಿನ ಅಂಗಡಿಯಲ್ಲಿ ನಿಂತರೆ ಧೂಮ, ಅಗ್ನಿಗಿಂತ ಜೇಬು, ಸಾಬೂನೇ ನಮಗೆ ಬೇಗ ಕೇಳಿಸುತ್ತದೆ.

ಇಷ್ಟು ವಂಶಾವಳಿ ಆಯಿತು. ನಮ್ಮನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಇದರ ಮುಂದಿನ ಭಾಗ.

ಎರಡು ಭಾಷೆಗಳಿಗೂ ಒಂದು ಸಮಾನ ಕಷ್ಟವಿತ್ತು. ಓದಿದವರು ಅವನ್ನು ಭಾಷೆ ಅಂತಲೇ ಒಪ್ಪುತ್ತಿರಲಿಲ್ಲ. ಲಿಥುವೇನಿಯಾ ಒಂದು ಕಾಲಕ್ಕೆ ಬಾಲ್ಟಿಕ್‌ನಿಂದ ಕಪ್ಪುಸಮುದ್ರದ ಕಡೆವರೆಗೆ ಹರಡಿದ ದೊಡ್ಡ ರಾಜ್ಯ. ಆದರೆ ಅದರ ಕಚೇರಿಯ ಕಾಗದ ಪತ್ರ ನಡೆದದ್ದು ಸ್ಲಾವ್ ಭಾಷೆಯಲ್ಲಿ, ಲ್ಯಾಟಿನ್ನಿನಲ್ಲಿ, ಆಮೇಲೆ ಪೋಲಿಷ್‌ನಲ್ಲಿ. ಜಮೀನ್ದಾರರು ಪೋಲಿಷ್ ಮಾತಾಡಿದರು. ಲಿಥುವೇನಿಯನ್ ಹೊಲದಲ್ಲಿ, ಹಟ್ಟಿಯಲ್ಲಿ, ಒಲೆಯ ಮುಂದೆ ಉಳಿಯಿತು. ಸರ್ಬಿಯಾದಲ್ಲೂ ಪಂಡಿತರು, ಪಾದ್ರಿಗಳು ಬರೆಯುತ್ತಿದ್ದದ್ದು ಚರ್ಚಿನ ಹಳೇ ಸ್ಲಾವ್, ರಷ್ಯನ್, ಸರ್ಬಿಯನ್ ಬೆರೆಸಿದ ಒಂದು ಗ್ರಾಂಥಿಕ ಭಾಷೆ. ಕುರಿ ಕಾಯುವವನಿಗೆ ಅದು ಓದಿ ಹೇಳಿದರೂ ತಿಳಿಯುತ್ತಿರಲಿಲ್ಲ.

1818ರಲ್ಲಿ ಎರಡು ಪುಸ್ತಕ ಬಂದವು. ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದೆ, ಬೇರೆ ಬೇರೆ ಊರಿನಲ್ಲಿ.

ಮೊದಲನೆಯದು ಕೋನಿಗ್ಸ್‌ಬರ್ಗ್ ನಗರದಲ್ಲಿ ಅಚ್ಚಾದ 'ಮೇತೈ', ಅಂದರೆ ಋತುಗಳ ವರ್ಷಚಕ್ರ. ಕ್ರಿಸ್ತಿಯೋನಸ್ ದೊನೆಲೈತಿಸ್ ಎಂಬ ಹಳ್ಳಿಯ ಪಾದ್ರಿ ಬರೆದ ಕಾವ್ಯ. ಉಳುವವರು, ಜೀತದವರು, ಅವರ ಜಗಳ, ಮದುವೆ, ಚಳಿ, ಗೊಬ್ಬರ ಇವೇ ಅದರ ವಸ್ತು. ದೊನೆಲೈತಿಸ್ 1780ರಲ್ಲೇ ತೀರಿಕೊಂಡಿದ್ದರು. ಹಸ್ತಪ್ರತಿ 38 ವರ್ಷ ಕಾದ ಮೇಲೆ ಲುದ್ವಿಕಸ್ ರೇಜ಼ಾ ಎಂಬ ಪ್ರಾಧ್ಯಾಪಕರು ಅಚ್ಚು ಹಾಕಿಸಿದರು.

ಎರಡನೆಯದು ವಿಯೆನ್ನಾದಲ್ಲಿ ಬಂದ ಸರ್ಬಿಯನ್ ನಿಘಂಟು. ಬರೆದವನು ವುಕ್ ಕರಾಜಿಚ್.

ವುಕ್ ಹುಟ್ಟಿದ್ದು 1787ರಲ್ಲಿ, ತೃಶಿಚ್ ಎಂಬ ಗುಡ್ಡದ ಹಳ್ಳಿಯಲ್ಲಿ. (ತೃಶಿಚ್ ಅನ್ನುವಲ್ಲಿ ನಾವು ಬೇಕೆಂದೇ ಋಕಾರ ಹಾಕಿದ್ದೇವೆ. ನಮ್ಮ ವರ್ಣಮಾಲೆಯಲ್ಲಿ ಹೆಸರಿಗೆ ಮಾತ್ರ ಉಳಿದು 'ರು' ಆಗಿಹೋದ ಋ ಸ್ವರ ಸರ್ಬಿಯನ್ನರ ಬಾಯಲ್ಲಿ ಸ್ವರವಾಗಿಯೇ ಇದೆ. ಅವರ ದೇಶದ ಹೆಸರು ಅವರ ಬಾಯಲ್ಲಿ ಸೃಬಿಯಾ.) ಮೊದಲು ಹುಟ್ಟಿದ ಮಕ್ಕಳೆಲ್ಲ ಸತ್ತಿದ್ದರಿಂದ, ಮಾಟಗಾತಿಯರು ಹತ್ತಿರ ಬರಬಾರದು ಅಂತ ಮಗುವಿಗೆ ತೋಳ ಅಂತ ಹೆಸರಿಟ್ಟರು. ನಮ್ಮಲ್ಲಿ ಮಕ್ಕಳು ಉಳಿಯದ ಮನೆಯಲ್ಲಿ ತಿಪ್ಪಯ್ಯ, ತಿಪ್ಪಮ್ಮ ಅಂತ ಇಡುತ್ತಿದ್ದರಲ್ಲ, ಅದೇ ಲೆಕ್ಕಾಚಾರ. ಹುಡುಗನಿಗೆ ಸರಿಯಾದ ಶಾಲೆ ಸಿಗಲಿಲ್ಲ. ಕೋವಿಯ ಮದ್ದನ್ನು ನೀರಿನಲ್ಲಿ ಕಲಸಿ ಶಾಯಿ ಮಾಡಿ, ಜೊಂಡಿನ ಕಡ್ಡಿಯಲ್ಲಿ ಅಕ್ಷರ ತಿದ್ದಿದ ಅಂತ ಹೇಳುತ್ತಾರೆ. ಮುಂದೆ ಒಂದು ಕಾಲು ಸೊರಗಿತು. ಜೀವನವಿಡೀ ಮರದ ಕಾಲಿನಲ್ಲಿ ಕುಂಟುತ್ತ ನಡೆದ.

1804ರಲ್ಲಿ ತುರ್ಕಿಯರ ವಿರುದ್ಧ ಸರ್ಬಿಯನ್ನರು ದಂಗೆ ಎದ್ದರು. 1813ರಲ್ಲಿ ದಂಗೆ ಮುರಿದುಬಿತ್ತು. ವುಕ್ ವಿಯೆನ್ನಾಕ್ಕೆ ಓಡಿದ. ಅಲ್ಲಿ ಸರ್ಕಾರದ ಪುಸ್ತಕ ಪರಿಶೀಲಕ ಯೆರ್ನೇಯ್ ಕೊಪಿತಾರ್ ಎಂಬ ವಿದ್ವಾಂಸ ಅವನನ್ನು ಗುರುತಿಸಿ, ನಿನ್ನ ಹಳ್ಳಿಯ ಹಾಡು ಬರೆದಿಡು, ವ್ಯಾಕರಣ ಬರೆ, ನಿಘಂಟು ಮಾಡು ಅಂತ ಬೆನ್ನು ಹತ್ತಿದ. ಊರೂರು ಅಲೆದು ವುಕ್ ಹಾಡು ಬರೆದುಕೊಂಡ. ಫಿಲಿಪ್ ವಿಶ್ನಿಚ್ ಎಂಬ ಕುರುಡು ಹಾಡುಗಾರ ಒಂದೆಳೆಯ ಗುಸ್ಲೆ ವಾದ್ಯ ಹಿಡಿದು ಹೇಳಿದ ಕಥನಗೀತೆಗಳು ಹೀಗೇ ಕಾಗದಕ್ಕೆ ಬಂದವು. ಆ ಹಾಡುಗಳು ಜರ್ಮನಿಯ ಕವಿ ಗಯಟೆಯನ್ನು ತಲುಪಿದವು. ವ್ಯಾಕರಣವನ್ನು ಯಾಕೋಬ್ ಗ್ರಿಮ್ 1824ರಲ್ಲಿ ಜರ್ಮನಿಗೆ ತಂದರು.

ನಿಘಂಟಿನಲ್ಲಿ 26 ಸಾವಿರಕ್ಕೂ ಹೆಚ್ಚು ಪದಗಳಿದ್ದವು, ಹಳ್ಳಿಯವರು ಆಡುವ ಪದಗಳು. ಬೈಗುಳವನ್ನೂ ಬಿಟ್ಟಿರಲಿಲ್ಲ. ಅದಕ್ಕೇ ಮರ್ಯಾದಸ್ಥರು ಕಿವಿ ಮುಚ್ಚಿಕೊಂಡರು. 1852ರ ಎರಡನೇ ಮುದ್ರಣದಲ್ಲಿ ಅವು ಹೋದವು. ಬೈಗುಳಕ್ಕಿಂತ ದೊಡ್ಡ ಗಲಾಟೆ ಎದ್ದದ್ದು ಅಕ್ಷರಗಳ ಮೇಲೆ. ಒಂದು ಧ್ವನಿಗೆ ಒಂದೇ ಅಕ್ಷರ, ಆಡಿದ ಹಾಗೆ ಬರೆಯಬೇಕು ಅನ್ನುವುದು ವುಕ್‌ನ ಹಟ. ಕನ್ನಡ ಓದುವ ನಮಗೆ ಇದರಲ್ಲಿ ಏನು ವಿಶೇಷ ಅನಿಸೀತು. ಆದರೆ ಅವರ ಹಳೇ ಸಿರಿಲಿಕ್ ಲಿಪಿಯಲ್ಲಿ ಉಚ್ಚಾರವೇ ಇಲ್ಲದ ಅಕ್ಷರಗಳು ತುಂಬಿದ್ದವು. ವುಕ್ ಅವನ್ನು ಕಿತ್ತೆಸೆದ. ಬೇಕಾದ ಧ್ವನಿಗೆ ಹೊಸ ಅಕ್ಷರ ಸೇರಿಸಿದ. ಒಟ್ಟು 30ಕ್ಕೆ ನಿಲ್ಲಿಸಿದ. ಅದರಲ್ಲಿ 'ಯ' ಧ್ವನಿಗೆ ಲ್ಯಾಟಿನ್ ಲಿಪಿಯ ಒಂದು ಅಕ್ಷರ ತಂದದ್ದು ಸಾಕಾಯಿತು. ಇವನು ನಮ್ಮನ್ನು ಕ್ಯಾಥೊಲಿಕ್ ಮತಕ್ಕೆ ಎಳೆಯುತ್ತಿದ್ದಾನೆ ಅಂತ ಸರ್ಬಿಯನ್ ಚರ್ಚಿನ ಹಿರಿಯರು ಬೆಂಕಿ ಕಾರಿದರು. ಇದು ದನಗಾಹಿಗಳ ಭಾಷೆ ಅಂತ ಪಂಡಿತರು ಹೀಗಳೆದರು.

ಈ ಮಾತು ಓದುವಾಗ ನಮಗೆ ಸ್ವಲ್ಪ ಚುರುಕ್ ಅನ್ನುತ್ತದೆ. ನಮ್ಮ ಸೀಮೆಯ ರೈತ ಹೇಳಿದ ಮಾತನ್ನು ಹಾಗೇ ಬರೆದು ಕಳಿಸಿದರೆ, ಬೆಳಿಗ್ಗೆ ಅಚ್ಚಾದ ಸುದ್ದಿಯಲ್ಲಿ ಆತ ಪಠ್ಯಪುಸ್ತಕದಂತೆ ಮಾತಾಡಿರುತ್ತಾನೆ. 'ಮಳಿ ಕೈ ಕೊಟ್ತ್ರೀ' ಅಂದವನು 'ಮಳೆಯ ಅಭಾವ ಉಂಟಾಗಿದೆ' ಅಂದಿರುತ್ತಾನೆ. ವುಕ್‌ನ ಸಿಟ್ಟು ನಮಗೆ ಅರ್ಥವಾಗುತ್ತದೆ.

1832ರಲ್ಲಿ ವುಕ್ ಸರ್ಬಿಯಾದ ದೊರೆ ಮಿಲೋಶ್‌ಗೆ ಆತನ ದರ್ಬಾರಿನ ದಬ್ಬಾಳಿಕೆಯ ಬಗ್ಗೆ ನೇರವಾದ ಕಾಗದ ಬರೆದ. ಅದೇ ವರ್ಷ ವುಕ್‌ನ ಬರವಣಿಗೆ ಕ್ರಮದಲ್ಲಿ ಪುಸ್ತಕ ಅಚ್ಚು ಹಾಕುವಂತಿಲ್ಲ ಅಂತ ದೊರೆಯ ಆಜ್ಞೆ ಹೊರಟಿತು. ದೊರೆಗೆ ಸ್ವತಃ ಓದು ಬರಹ ಬರುತ್ತಿರಲಿಲ್ಲ. ವುಕ್ ಬಿಡಲಿಲ್ಲ. 1847ರಲ್ಲಿ ಆತನ ಹೊಸ ಒಡಂಬಡಿಕೆಯ ಅನುವಾದ ಬಂತು. ಅದೇ ವರ್ಷ ತರುಣ ಕವಿ ಬ್ರಾಂಕೊ ರಾದಿಚೆವಿಚ್ ಅದೇ ಹಳ್ಳಿಯ ಭಾಷೆಯಲ್ಲಿ ಕವನ ಸಂಕಲನ ತಂದ. ಜನರ ಭಾಷೆಯಲ್ಲಿ ಕಾವ್ಯ ಆಗುವುದಿಲ್ಲ ಅಂದವರ ಬಾಯಿ ಕಟ್ಟಿತು. ನಿಷೇಧ ಪೂರ್ತಿ ಹೋದದ್ದು ಮಾತ್ರ 1868ರಲ್ಲಿ. ವುಕ್ 1864ರಲ್ಲೇ ವಿಯೆನ್ನಾದಲ್ಲಿ ತೀರಿಕೊಂಡಿದ್ದ.

1864. ಅದೇ ವರ್ಷ ಲಿಥುವೇನಿಯಾದಲ್ಲಿ ಇನ್ನೊಂದು ನಿಷೇಧ ಶುರುವಾಯಿತು.

ಆಗ ಲಿಥುವೇನಿಯಾದ ಬಹುಪಾಲು ರಷ್ಯಾದ ಜ಼ಾರ್ ಚಕ್ರವರ್ತಿಯ ಕೈಯಲ್ಲಿತ್ತು. 1863ರಲ್ಲಿ ಪೋಲೆಂಡ್, ಲಿಥುವೇನಿಯಾ ಎರಡೂ ಕಡೆ ದಂಗೆ ಎದ್ದಿತು. ಅದನ್ನು ಅಡಗಿಸಲು ಬಂದ ಗವರ್ನರ್ ಜನರಲ್ ಮುರಾವ್ಯೋವ್‌ಗೆ ಜನ ಇಟ್ಟ ಹೆಸರು 'ನೇಣುಗಾರ'. ದಂಗೆಯ ಬೇರು ಪೋಲಿಷ್ ಪ್ರಭಾವದಲ್ಲಿದೆ, ಪೋಲಿಷ್ ಪ್ರಭಾವದ ಬೇರು ಲ್ಯಾಟಿನ್ ಅಕ್ಷರದಲ್ಲಿದೆ ಅಂತ ಸರ್ಕಾರ ಲೆಕ್ಕ ಹಾಕಿತು. ಮೊದಲು ಮಕ್ಕಳ ಅಕ್ಷರಮಾಲೆ ಪುಸ್ತಕಗಳಿಗೆ ತಡೆ. ಮರುವರ್ಷ ಅವನ ಜಾಗಕ್ಕೆ ಬಂದ ಕೌಫ್‌ಮನ್ ಕಾಲದಲ್ಲಿ ಲ್ಯಾಟಿನ್ ಲಿಪಿಯ ಎಲ್ಲ ಲಿಥುವೇನಿಯನ್ ಪುಸ್ತಕಗಳಿಗೂ ತಡೆ. ಲಿಥುವೇನಿಯನ್ ಬರೆಯಿರಿ, ಆದರೆ ರಷ್ಯನ್ನರ ಸಿರಿಲಿಕ್ ಅಕ್ಷರದಲ್ಲಿ ಬರೆಯಿರಿ ಅಂತ ಅಪ್ಪಣೆ.

ಭಾಷೆ ಬೇರೆ, ಲಿಪಿ ಬೇರೆ ಅನ್ನುವುದು ನಮಗೆ ಗೊತ್ತು. ಕರಾವಳಿಯ ಕೊಂಕಣಿಗರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಗೋವಾದವರು ನಾಗರಿಯಲ್ಲಿ, ರೋಮನ್‌ನಲ್ಲಿ ಬರೆಯುತ್ತಾರೆ. ಎಲ್ಲವೂ ಕೊಂಕಣಿಯೇ. ಹಾಗಾದರೆ ಲಿಥುವೇನಿಯನ್ನರು ಸಿರಿಲಿಕ್‌ನಲ್ಲಿ ಬರೆದಿದ್ದರೆ ಗಂಟೇನು ಹೋಗುತ್ತಿತ್ತು ಅಂತ ಕೇಳಬಹುದು. ಅಕ್ಷರದ ತಪ್ಪಲ್ಲ. ಆ ಅಕ್ಷರ ಅವರ ಮನೆ ಬಾಗಿಲಿಗೆ ಪೊಲೀಸರ ಜೊತೆ ಬಂದಿತ್ತು. ಅವರ ಪ್ರಾರ್ಥನಾ ಪುಸ್ತಕ ಕಸಿದುಕೊಂಡು ಬೇರೆಯದನ್ನು ಕೈಗಿಡುತ್ತಿತ್ತು. ಸರ್ಕಾರ ಅಚ್ಚು ಹಾಕಿಸಿ ಹಂಚಿದ ಸಿರಿಲಿಕ್ ಪುಸ್ತಕಗಳನ್ನು ಜನ ಮುಟ್ಟಲಿಲ್ಲ.

ಗಡಿಯಾಚೆ ಪ್ರಶ್ಯಾ ಇತ್ತು. ಅಲ್ಲಿಯೂ ಲಿಥುವೇನಿಯನ್ ಆಡುವ ಹಳ್ಳಿಗಳಿದ್ದವು, ಟಿಲ್ಸಿಟ್ ಮುಂತಾದ ಊರುಗಳಲ್ಲಿ ಅಚ್ಚುಕೂಟಗಳಿದ್ದವು. ಬಿಷಪ್ ಮೋತಿಯೇಯುಸ್ ವಲಾಂಚಿಯುಸ್ ಗುಟ್ಟಾಗಿ ಅಲ್ಲಿ ಪುಸ್ತಕ ಅಚ್ಚು ಹಾಕಿಸಿ ತರಿಸುವ ದಾರಿ ಮಾಡಿದರು. ಆಮೇಲೆ ಅದು ಯಾರೊಬ್ಬರ ಕೈಯಲ್ಲೂ ಉಳಿಯಲಿಲ್ಲ, ಹಳ್ಳಿಗಳ ಕೆಲಸವಾಯಿತು. ರೈತರು, ಕೂಲಿಯವರು, ಹೆಂಗಸರು ಬೆನ್ನ ಮೇಲೆ ಮೂಟೆ ಕಟ್ಟಿಕೊಂಡು, ಹುಲ್ಲಿನ ಗಾಡಿಯಡಿ ಬಚ್ಚಿಟ್ಟುಕೊಂಡು, ಹಿಮ ಬೀಳುವ ರಾತ್ರಿಗಳಲ್ಲಿ ಗಡಿ ದಾಟಿದರು. ಸಿಕ್ಕಿಬಿದ್ದರೆ ಪುಸ್ತಕ ಬೆಂಕಿಗೆ, ಮನುಷ್ಯ ಜೈಲಿಗೆ ಅಥವಾ ಸೈಬೀರಿಯಾಕ್ಕೆ. ಗಡಿಯಲ್ಲಿ ಗುಂಡು ತಿಂದು ಸತ್ತವರೂ ಇದ್ದಾರೆ. ಸಾಗಿಸಿದ್ದು ಹೆಂಡವಲ್ಲ, ಚಿನ್ನವಲ್ಲ. ಪ್ರಾರ್ಥನಾ ಪುಸ್ತಕ, ಪಂಚಾಂಗ, ಮಕ್ಕಳ ಅಕ್ಷರಮಾಲೆ.

ಹಾಗೆ ಬಂದ ಅಕ್ಷರಮಾಲೆಯನ್ನು ಮಕ್ಕಳಿಗೆ ಕಲಿಸುತ್ತಿದ್ದದ್ದು ಮನೆಯಲ್ಲೇ. ರಾಟೆ ಮುಂದೆ ಕುಳಿತ ತಾಯಿ ನೂಲುತ್ತ ಪಕ್ಕದಲ್ಲಿ ನಿಂತ ಮಗುವಿಗೆ ಓದಿಸುವ ಒಂದು ಶಿಲ್ಪವಿದೆ. 1906ರಲ್ಲಿ ಪೇತ್ರಸ್ ರಿಮ್ಶಾ ಮಾಡಿದ್ದು. ಅದರ ಹೆಸರು 'ಲಿಥುವೇನಿಯಾದ ಶಾಲೆ'.

ಈ ಸಾಗಣೆದಾರರಲ್ಲಿ ಹೆಸರಾದವನು ಯುರ್ಗಿಸ್ ಬಿಯೆಲಿನಿಸ್. 1846ರ ಮಾರ್ಚ್ 16ರಂದು ರೈತರ ಮನೆಯಲ್ಲಿ ಹುಟ್ಟಿದವನು. ಗರ್ಶ್ವಿಯೈ ಎಂಬ ಹಳ್ಳಿಯ ಸುತ್ತಿನ ರೈತರು ಕಟ್ಟಿದ ಗುಟ್ಟಿನ ಪುಸ್ತಕ ಸಂಘಕ್ಕೂ ಅವನಿಗೂ ನಂಟು. ಸಂಘ ಸಿಕ್ಕಿಬಿದ್ದು ಸದಸ್ಯರು ಗಡೀಪಾರಾದರು. ಬಿಯೆಲಿನಿಸ್ ಹಿಡಿದವರ ಕೈಯಿಂದ ಮತ್ತೆ ಮತ್ತೆ ತಪ್ಪಿಸಿಕೊಂಡ. ಜನ ಅವನನ್ನು ಪುಸ್ತಕ ಹೊರುವವರ ರಾಜ ಅಂದರು.

ಇದೇ ಹೊತ್ತಿನಲ್ಲಿ ಜರ್ಮನ್ ಪಂಡಿತರು ಲಿಥುವೇನಿಯನ್ ಬಗ್ಗೆ ಬೆರಗಾಗಿ ಬರೆಯುತ್ತಿದ್ದರು ಅನ್ನುವುದು ವಿಚಿತ್ರ. ಫ್ರಾನ್ಸ್ ಬೋಪ್ 1833ರಿಂದ ತಂದ ತೌಲನಿಕ ವ್ಯಾಕರಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಜೊತೆ ಅದನ್ನೂ ಕೂರಿಸಿದ್ದ. ಆಗಸ್ಟ್ ಶ್ಲೈಖರ್ 1852ರಲ್ಲಿ ಪ್ರಶ್ಯಾದ ಹಳ್ಳಿಗಳಿಗೇ ಹೋಗಿ ರೈತರ ಬಾಯಿಂದ ಭಾಷೆ ಕಲಿತು ಕೈಪಿಡಿ ಬರೆದ. ಹೊರಗೆ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತದ ಪಕ್ಕದ ಆಸನ, ಒಳಗೆ ಅದರ ಪುಸ್ತಕ ಇಟ್ಟುಕೊಂಡರೆ ಜೈಲು. ರಷ್ಯಾದ ಬಗ್ಗೆ ಇನ್ನೊಂದು ಮಾತು. ಲಿಥುವೇನಿಯನ್ನರ ಬಾಯಿ ಮುಚ್ಚಿಸಿದ ಅದೇ ಸಾಮ್ರಾಜ್ಯ ವುಕ್ ಕರಾಜಿಚ್‌ಗೆ ಹಿಂದೆ ಪಿಂಚಣಿ ಕೊಟ್ಟಿತ್ತು.

1883ರಲ್ಲಿ 'ಔಶ್ರಾ', ಅಂದರೆ ಅರುಣೋದಯ, ಎಂಬ ಲಿಥುವೇನಿಯನ್ ಪತ್ರಿಕೆ ಪ್ರಶ್ಯಾದಲ್ಲಿ ಅಚ್ಚಾಗಿ ಕಳ್ಳದಾರಿಯಲ್ಲಿ ಒಳಬಂತು. (ಸಂಸ್ಕೃತದ ಉಷಸ್ ಇದರ ನೆಂಟ.) ಅದರ ಹಿಂದಿದ್ದ ಯೋನಸ್ ಬಸನಾವಿಚಿಯುಸ್ ವೃತ್ತಿಯಿಂದ ವೈದ್ಯ, ಬಹುಕಾಲ ಕೆಲಸ ಮಾಡಿದ್ದು ಸರ್ಬಿಯಾದ ಪಕ್ಕದ ಬಲ್ಗೇರಿಯಾದಲ್ಲಿ. ತನ್ನೂರಿನಲ್ಲಿ ಹೇರಿಕೆಯಾಗಿದ್ದ ಸಿರಿಲಿಕ್ ಅಲ್ಲಿ ಜನರ ಸ್ವಂತ ಅಕ್ಷರ. ಆತ ಎರಡನ್ನೂ ಕಂಡವನು.

ಆ ಕಾಲದ ಬರಹಗಾರರು ಪೋಲಿಷ್ ಬಗೆಯ ಜೋಡಿ ಅಕ್ಷರ ಬಿಟ್ಟು, ಚೆಕ್ ಭಾಷೆಯವರ ಹಾಗೆ ಅಕ್ಷರದ ತಲೆ ಮೇಲೆ ಸಣ್ಣ ಕೊಕ್ಕೆ ಇಡುವ ಕ್ರಮ ತಂದರು, ಚ, ಶ ಧ್ವನಿಗಳಿಗೆ. ಸರ್ಬಿಯನ್ ಭಾಷೆಯನ್ನು ಲ್ಯಾಟಿನ್ನಿನಲ್ಲಿ ಬರೆಯುವಾಗ ಬಳಸುವುದೂ ಚೆಕ್ಕರಿಂದ ಬಂದ ಅದೇ ಕೊಕ್ಕೆಗಳು. ಅವನ್ನು ಆ ಕಡೆಗೆ 1830ರಲ್ಲಿ ತಂದವನು ಲ್ಯುದೇವಿತ್ ಗಾಯ್. ವಂಶದಲ್ಲಿ ದೂರವಾದ ದಾಯಾದಿಗಳು ಕೊಕ್ಕೆಯಲ್ಲಿ ಮತ್ತೆ ಸೇರಿದರು.

1904ರ ಮೇ 7ರಂದು ನಿಷೇಧ ತೆಗೆದರು. ನಲವತ್ತು ವರ್ಷ. ಅಷ್ಟರಲ್ಲಿ ಯೋನಸ್ ಯಬ್ಲೋನ್ಸ್ಕಿಸ್ 1901ರಲ್ಲಿ ಬೇರೆ ಹೆಸರಿನಲ್ಲಿ, ಟಿಲ್ಸಿಟ್‌ನಲ್ಲೇ, ಲಿಥುವೇನಿಯನ್ ವ್ಯಾಕರಣ ಅಚ್ಚು ಹಾಕಿಸಿಯಾಗಿತ್ತು. ಇವತ್ತಿನ ಬರವಣಿಗೆಯ ತಳಹದಿ ಅದೇ. ವುಕ್ ಮಾಡಿದಂತೆ ಆತನೂ ಹಳ್ಳಿಯವರ ಬಾಯಿಗೆ ಕಿವಿ ಕೊಟ್ಟ.

ಲಿಥುವೇನಿಯನ್ನಿನಲ್ಲಿ ಪುಸ್ತಕಕ್ಕೆ 'ಕ್ನೀಗ', ಹಳೇ ಕಾಲದಲ್ಲಿ ಸ್ಲಾವ್ ನೆರೆಯವರಿಂದ ಬಂದ ಪದ. ಸರ್ಬಿಯನ್ನಿನಲ್ಲಿ ಪುಸ್ತಕಕ್ಕೆ 'ಕ್ನ್ಯೀಗಾ'. ಹೊರುವುದಕ್ಕೂ ಎರಡು ಕಡೆ ಒಂದೇ ಧಾತು. ಪುಸ್ತಕ ಹೊತ್ತು ತರುವವನಿಗೆ ಲಿಥುವೇನಿಯನ್ನಿನಲ್ಲಿ 'ಕ್ನೀಗ್‌ನೆಶೀಸ್', ಸರ್ಬಿಯನ್ನಿನಲ್ಲಿ 'ಕ್ನ್ಯೀಗೊನೋಶಾ'. ಪದ ಬಹುತೇಕ ಒಂದೇ. ಆದರೆ ಸರ್ಬಿಯನ್ನಿನಲ್ಲಿ ಅದು ಪುಸ್ತಕ, ಕಾಗದ ತಲುಪಿಸುವವನ ಸಾದಾ ಹೆಸರು. ಲಿಥುವೇನಿಯನ್ನಿನಲ್ಲಿ ಆ ಪದಕ್ಕೆ ಹಿಮ, ಗಡಿ, ಗುಂಡಿನ ಸದ್ದು ಅಂಟಿಕೊಂಡಿವೆ.

ಸರ್ಬಿಯನ್ನರಿಗೂ ಲಿಪಿ ನಿಷೇಧದ ರುಚಿ ಸಿಗದೆ ಹೋಗಲಿಲ್ಲ, ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ. ಮೊದಲ ಮಹಾಯುದ್ಧದಲ್ಲಿ ಸರ್ಬಿಯಾವನ್ನು ಹಿಡಿದ ಆಸ್ಟ್ರಿಯಾ-ಹಂಗೇರಿ ಸಿರಿಲಿಕ್ ಬಳಕೆಯನ್ನು ತಡೆದು ಲ್ಯಾಟಿನ್ ಹೇರಿತು. 1941ರ ಏಪ್ರಿಲ್‌ನಲ್ಲಿ ಕ್ರೊಯೇಷಿಯಾದಲ್ಲಿ ನಾಜಿಗಳ ಬೆಂಬಲದಿಂದ ಅಧಿಕಾರಕ್ಕೆ ಬಂದವರು ಸಿರಿಲಿಕ್ ನಿಷೇಧಿಸಿದರು. ಅಲ್ಲಿ ನಿಷೇಧ ಅಕ್ಷರಕ್ಕೆ ನಿಲ್ಲಲಿಲ್ಲ, ಸರ್ಬಿಯನ್ನರ ಕಗ್ಗೊಲೆಯೇ ನಡೆಯಿತು. ಒಬ್ಬ ಅಜ್ಜಿ ಪ್ರಾಣಕ್ಕಿಂತ ಹೆಚ್ಚಾಗಿ ಬಚ್ಚಿಟ್ಟ ಅಕ್ಷರವೇ ಇನ್ನೊಬ್ಬ ಅಜ್ಜಿಯ ಮನೆಗೆ ಬಂದೂಕಿನ ಜೊತೆ ಬಂದಿತ್ತು.

ಈಗ ಸರ್ಬಿಯಾದ 2006ರ ಸಂವಿಧಾನದಲ್ಲಿ ಅಧಿಕೃತ ಲಿಪಿ ಸಿರಿಲಿಕ್. ಬೀದಿಯಲ್ಲಿ, ಅಂಗಡಿ ಫಲಕದಲ್ಲಿ, ಮೊಬೈಲಿನಲ್ಲಿ ಲ್ಯಾಟಿನ್ನೂ ಧಾರಾಳವಾಗಿದೆ. ಮಕ್ಕಳು ಶಾಲೆಯಲ್ಲಿ ಎರಡನ್ನೂ ಕಲಿಯುತ್ತಾರೆ. ಎರಡರಲ್ಲೂ 30 ಧ್ವನಿಗಳು ಒಂದಕ್ಕೊಂದು ಸರಿಸಮ ಇರುವುದರಿಂದ ಎಷ್ಟೋ ವೆಬ್‌ಸೈಟುಗಳಲ್ಲಿ ಒಂದು ಗುಂಡಿ ಒತ್ತಿದರೆ ಲಿಪಿ ಬದಲಾಗುತ್ತದೆ. ಯುಗೊಸ್ಲಾವಿಯಾ ಒಡೆದ ಮೇಲೆ ಅದೇ ಭಾಷೆಗೆ ಸರ್ಬಿಯನ್, ಕ್ರೊಯೇಷಿಯನ್, ಬೋಸ್ನಿಯನ್, ಮಾಂಟೆನೆಗ್ರಿನ್ ಅಂತ ನಾಲ್ಕು ಹೆಸರಾಗಿವೆ. ಅದರ ಜಗಳ ಬೇರೆ ದಿನಕ್ಕಿರಲಿ.

ಲಿಥುವೇನಿಯಾದ ಜನಸಂಖ್ಯೆ ಸುಮಾರು 28 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಬೆಳಗಾವಿ ಜಿಲ್ಲೆಯೊಂದರಲ್ಲೇ 47 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅಷ್ಟು ಪುಟ್ಟ ದೇಶದ ಭಾಷೆ 2004ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಒಂದು.

ಮೊಬೈಲ್ ಬಂದ ಮೇಲೆ ಇಬ್ಬರಿಗೂ ಒಂದೇ ತಾಪತ್ರಯ. ಕೊಕ್ಕೆ ಹುಡುಕುವಷ್ಟು ತಾಳ್ಮೆ ಹುಡುಗರಿಗಿಲ್ಲ. ನಾವು ಊಟ ಆಯ್ತಾ ಅಂತ ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕಳಿಸುವಂತೆ ಅವರೂ ಕೊಕ್ಕೆ ಬಿಟ್ಟು ಒತ್ತುತ್ತಾರೆ. ಹೀಗೆ ಬರೆದದ್ದಕ್ಕೆ ಸರ್ಬಿಯನ್ನರು 'ತಲೆ ಬೋಳಿಸಿದ ಲ್ಯಾಟಿನ್' ಅನ್ನುತ್ತಾರೆ. ಲಿಥುವೇನಿಯನ್ನರು ಅದನ್ನು ತೊದಲುವುದು ಅಂತ ಕರೆಯುತ್ತಾರೆ.

ಬಿಯೆಲಿನಿಸ್ ನಿಷೇಧ ಮುಗಿದದ್ದನ್ನು ನೋಡಿದ. 1918ರ ಜನವರಿಯಲ್ಲಿ, 71ನೇ ವಯಸ್ಸಿನಲ್ಲಿ, ವಿಲ್ನಿಯಸ್ ನಗರಕ್ಕೆ ಹೊರಟವನು ದಾರಿಯಲ್ಲೇ ಸತ್ತ. ಸ್ವಾತಂತ್ರ್ಯದ ಘೋಷಣೆಗೆ ಬಸನಾವಿಚಿಯುಸ್ ಮುಂತಾದವರು ಸಹಿ ಹಾಕಿದ್ದು ಫೆಬ್ರುವರಿ 16ರಂದು, ಒಂದು ತಿಂಗಳು ತಡವಾಗಿ. ಬಿಯೆಲಿನಿಸ್ ಹುಟ್ಟಿದ ಮಾರ್ಚ್ 16ನ್ನು ಲಿಥುವೇನಿಯಾ ಈಗ ಪುಸ್ತಕ ಹೊತ್ತವರ ದಿನವಾಗಿ ಆಚರಿಸುತ್ತದೆ.